ಡಬ್ಬದ ಮೇಲೆ ಏನು ಬರೆಯುತ್ತೀರಿ?

ಓದುಗರ ಪ್ರಶ್ನೆ–ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳವು. ಬರೆದವರು ಹೊಸ ಯಂತ್ರವೊಂದನ್ನು ಕಟ್ಟಿ ಮುಗಿಸಿದವರು, ಇಲ್ಲವೇ ಅರ್ಧ ಕಟ್ಟಿದವರು. ಹೆಚ್ಚಿನ ಪತ್ರಗಳ ಕೊನೆಯ ಸಾಲು ಒಂದೇ: "ಇದಕ್ಕೆ ಯಾವ ಲೈಸೆನ್ಸ್ ಬೇಕು?" ಅದಕ್ಕೆ ಉತ್ತರ ಹೇಳುವ ಮೊದಲು ಎಲ್ಲರಿಗೂ ಕೇಳಬೇಕಾದ ಮರುಪ್ರಶ್ನೆಯೊಂದಿದೆ. ಅದರ ಡಬ್ಬದ ಮೇಲೆ ಏನು ಬರೆಯುತ್ತೀರಿ? ಅದೇ ಬೋರ್ಡು, ಅದೇ ಸೆನ್ಸರು, ಅದೇ ಸಾಫ್ಟ್‌ವೇರು ಇರಲಿ, "ಇದು ಇಂಥ ಕೆಲಸಕ್ಕೆ" ಎಂಬ ವಾಕ್ಯ ಬದಲಾದರೆ ಹೋಗಬೇಕಾದ ಕಚೇರಿ ಬದಲಾಗುತ್ತದೆ. ತಗಲುವ ಕಾಲ, ಹಣ ಎರಡೂ ಬದಲಾಗುತ್ತವೆ. ಬೆಸುಗೆ ಹಾಕುವ ಮೊದಲೇ ಆ ವಾಕ್ಯ ಬರೆದಿಟ್ಟುಕೊಂಡವರಿಗೆ ನಷ್ಟ ಕಡಿಮೆ.

ಪ್ರಶ್ನೆ: ಮೂವರು ಗೆಳೆಯರು ಸೇರಿ ಭತ್ತಕ್ಕೆ ಎಣ್ಣೆ (ಕೀಟನಾಶಕ) ಹೊಡೆಯುವ 10 ಲೀಟರ್ ಟ್ಯಾಂಕಿನ ಡ್ರೋನ್ ಕಟ್ಟಿದ್ದೇವೆ. ಮೋಟಾರು, ಫ್ಲೈಟ್ ಕಂಟ್ರೋಲರ್ ಹೊರದೇಶದವು. ಚೌಕಟ್ಟು, ಪಂಪು, ಟ್ಯಾಂಕು ನಮ್ಮವು. ಸುತ್ತಲಿನ ಹಳ್ಳಿಯವರು ಎಕರೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಹೊಡೆಸಿಕೊಳ್ಳಲು ತಯಾರಿದ್ದಾರೆ. ಈ ಹಂಗಾಮಿನಲ್ಲೇ ಶುರು ಮಾಡಬಹುದೇ? (ಸಿಂಧನೂರು)

ಉತ್ತರ: ದುಡ್ಡು ಪಡೆದು ಹೊಡೆಯಲು ಈ ಹಂಗಾಮಿನಲ್ಲಿ ಆಗುವುದಿಲ್ಲ. ಪರೀಕ್ಷೆಗೆಂದು ಹಾರಿಸಲು ಆಗುತ್ತದೆ, ಆದರೆ ಅದಕ್ಕೂ ಷರತ್ತುಗಳಿವೆ.

ಮೊದಲು ತೂಕದ ಮಾತು. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗೆ ನ್ಯಾನೊ, ಅಲ್ಲಿಂದ 2 ಕೆ.ಜಿ.ವರೆಗೆ ಮೈಕ್ರೊ, 25 ಕೆ.ಜಿ.ವರೆಗೆ ಸ್ಮಾಲ್, 150 ಕೆ.ಜಿ.ವರೆಗೆ ಮೀಡಿಯಂ. ಲೆಕ್ಕಕ್ಕೆ ಬರುವುದು ಟ್ಯಾಂಕು ತುಂಬಿ, ಬ್ಯಾಟರಿ ಕೂರಿಸಿ ನೆಲ ಬಿಡುವಾಗಿನ ಗರಿಷ್ಠ ತೂಕ. 10 ಲೀಟರಿನ ಯಂತ್ರಗಳು ಸಾಮಾನ್ಯವಾಗಿ 25ರ ಗೆರೆಗೆ ಸ್ವಲ್ಪ ಕೆಳಗೆ ನಿಲ್ಲುತ್ತವೆ. ನಿಮ್ಮದು 25.4 ಬಂದರೆ ವರ್ಗವೇ ಬೇರೆಯಾಯಿತು. ಕಾಲು, ನಳಿಗೆಯ ತೋಳು, ಪಂಪಿನ ಬ್ರಾಕೆಟ್, ಕೊನೆಯ ತಂತಿವರೆಗೆ ಎಲ್ಲ ಕೂಡಿಸಿ, ಟ್ಯಾಂಕಿಗೆ ಅಂಚಿನವರೆಗೆ ನೀರು ತುಂಬಿ ತೂಗಿ. ಕಾರ್ಬನ್ ಫೈಬರ್ ಬದಲು ಅಲ್ಯೂಮಿನಿಯಂ ಕೊಳವೆ ಹಾಕಿ ಉಳಿಸಿದ ದುಡ್ಡು ಎಷ್ಟೋ ಸಲ ಈ ಗೆರೆಯ ಹತ್ತಿರ ಕೈಬಿಟ್ಟುಹೋಗುತ್ತದೆ.

ಪರೀಕ್ಷೆಗೆ ಸಿಗುವ ವಿನಾಯಿತಿ ನಿಯಮದಲ್ಲೇ ಇದೆ. ಸಂಶೋಧನೆ, ಅಭಿವೃದ್ಧಿ, ಪರೀಕ್ಷೆಗೆ ಹಾರಿಸುವ ಡ್ರೋನ್‌ಗೆ ಟೈಪ್ ಸರ್ಟಿಫಿಕೇಟ್ (ಯಂತ್ರದ ಮಾದರಿಗೆ ಕೊಡುವ ಒಪ್ಪಿಗೆ ಪತ್ರ) ಬೇಡ, ಗುರುತು ಸಂಖ್ಯೆ ಬೇಡ, ಪೈಲಟ್ ಸರ್ಟಿಫಿಕೇಟೂ ಬೇಡ. ಆದರೆ ಹಾರಿಸುವವರು ಕೇಂದ್ರದ ಕೈಗಾರಿಕೆ ಉತ್ತೇಜನ ಇಲಾಖೆಯ (ಡಿಪಿಐಐಟಿ) ಮಾನ್ಯತೆ ಪಡೆದ ಸ್ಟಾರ್ಟಪ್ ಆಗಿರಬೇಕು, ಇಲ್ಲವೇ ಮಾನ್ಯತೆಯ ಶಿಕ್ಷಣ ಅಥವಾ ಸಂಶೋಧನಾ ಸಂಸ್ಥೆ, ಇಲ್ಲವೇ ಜಿಎಸ್‌ಟಿ ಸಂಖ್ಯೆ ಇರುವ ಡ್ರೋನ್ ತಯಾರಕರು. ಜಾಗ ಹಸಿರು ವಲಯದಲ್ಲಿ (ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಪೂರ್ವಾನುಮತಿ ಇಲ್ಲದೆ ಹಾರಿಸಬಹುದಾದ ಜಾಗ) ಇರಬೇಕು, ನಿಮ್ಮ ಸ್ವಂತ ಆವರಣವೋ ನಿಮ್ಮ ಹತೋಟಿಯಲ್ಲಿರುವ ಬಯಲೋ ಆಗಿರಬೇಕು. ನೀವಿನ್ನೂ ಬರೀ "ಮೂವರು ಗೆಳೆಯರು" ಆಗಿದ್ದರೆ ಈ ವಿನಾಯಿತಿ ನಿಮ್ಮದಲ್ಲ. ಮೊದಲು ಎಲ್‌ಎಲ್‌ಪಿ ಅಥವಾ ಪ್ರೈವೇಟ್ ಲಿಮಿಟೆಡ್ ನೋಂದಾಯಿಸಿ, ಆಮೇಲೆ ಸ್ಟಾರ್ಟಪ್ ಮಾನ್ಯತೆ ಪಡೆಯಿರಿ. ಪಕ್ಕದ ಹೊಲದವರು ಡೀಸೆಲ್ ಖರ್ಚಿಗೆಂದು ಕೊಟ್ಟ ದುಡ್ಡೂ ಪರೀಕ್ಷೆಯನ್ನು ವ್ಯಾಪಾರ ಮಾಡಿಬಿಡುತ್ತದೆ. ಆ ದಿನಗಳಲ್ಲಿ ಟ್ಯಾಂಕಿನಲ್ಲಿ ಬರೀ ನೀರಿರಲಿ.

ಮುಂದಿನದು ಟೈಪ್ ಸರ್ಟಿಫಿಕೇಟ್. ಡಿ-1 ಅರ್ಜಿ ಹಾಕಬೇಕು. ಭಾರತೀಯ ಗುಣಮಟ್ಟ ಮಂಡಳಿ ಅಥವಾ ಅದು ಮಾನ್ಯ ಮಾಡಿದ ಸಂಸ್ಥೆ ಯಂತ್ರವನ್ನೂ ದಾಖಲೆಯನ್ನೂ ಪರೀಕ್ಷಿಸಿ 60 ದಿನದಲ್ಲಿ ವರದಿ ಕೊಡಬೇಕು, ನಾಗರಿಕ ವಿಮಾನಯಾನ ನಿರ್ದೇಶನಾಲಯ (ಡಿಜಿಸಿಎ) ಆಮೇಲೆ 15 ದಿನದಲ್ಲಿ ಸರ್ಟಿಫಿಕೇಟ್ ಕೊಡಬೇಕು ಎನ್ನುತ್ತದೆ ನಿಯಮ. ಕಾಗದದ ಮೇಲೆ 75 ದಿನ. ಇದು ಎಳೆದುಕೊಂಡು ಹೋಗುವುದು ಬಹುಪಾಲು ಒಂದೇ ಕಾರಣಕ್ಕೆ: ದಾಖಲೆಯಲ್ಲಿರುವ ಯಂತ್ರ ಒಂದು, ಪರೀಕ್ಷೆಗೆ ತಂದ ಯಂತ್ರ ಇನ್ನೊಂದು. ಮೊದಲ ಕಂತಿನಲ್ಲಿ ಬಂದ ಮೋಟಾರು ಎರಡನೆಯ ಕಂತಿನಲ್ಲಿ ಸಿಗಲಿಲ್ಲವೆಂದು ಬೇರೆ ಹಾಕಿರುತ್ತಾರೆ. ಫ್ಲೈಟ್ ಕಂಟ್ರೋಲರಿನ ಸಾಫ್ಟ್‌ವೇರ್ ಆವೃತ್ತಿ ಹಿಂದಿನ ರಾತ್ರಿ ಬದಲಾಗಿರುತ್ತದೆ. ಅರ್ಜಿ ಹಾಕುವ ದಿನ ವಿನ್ಯಾಸಕ್ಕೆ ಬೀಗ ಹಾಕಿ. ಪ್ರತಿ ಬಿಡಿಭಾಗದ ತಯಾರಕ, ಮಾದರಿ ಸಂಖ್ಯೆ, ಸೀರಿಯಲ್ ಸಂಖ್ಯೆ, ಬಿಲ್ಲು ಒಂದೇ ಪಟ್ಟಿಯಲ್ಲಿರಲಿ. ಸರ್ಟಿಫಿಕೇಟ್ ಸಿಗುವುದು ಆ ಪಟ್ಟಿಯಂತೆ ಕಟ್ಟಿದ ಯಂತ್ರಕ್ಕೆ ಮಾತ್ರ. ಮುಂದೆ ಪ್ರೊಪೆಲ್ಲರ್ ಬದಲಾಯಿಸಿದರೂ ತಿಳಿಸಬೇಕು.

ಬಿಲ್ಲು ಇನ್ನೊಂದು ಕಾರಣಕ್ಕೂ ಬೇಕು. 2022ರ ಫೆಬ್ರವರಿ 9ರಿಂದ ಹೊರದೇಶದ ಡ್ರೋನ್‌ಗಳ ಆಮದು ನಿಷೇಧವಾಗಿದೆ. ಇಡೀ ಯಂತ್ರವಷ್ಟೇ ಅಲ್ಲ, ಬಿಚ್ಚಿದ ಅಥವಾ ಅರ್ಧ ಬಿಚ್ಚಿದ ಕಿಟ್ಟೂ ತರುವಂತಿಲ್ಲ. ಬಿಡಿಭಾಗಗಳಿಗೆ ಆ ತಡೆ ಇಲ್ಲ. ನಿಮ್ಮ ಮೋಟಾರು, ಕಂಟ್ರೋಲರ್ ಬಿಡಿಬಿಡಿಯಾಗಿ ಬಂದವು ಎಂದು ತೋರಿಸುವಂತಿರಬೇಕು.

ಸರ್ಟಿಫಿಕೇಟ್ ಬಂದ ಮೇಲೆ ಪ್ರತಿ ಯಂತ್ರಕ್ಕೂ ಡಿ-2 ಅರ್ಜಿಯಲ್ಲಿ ಗುರುತು ಸಂಖ್ಯೆ, ಶುಲ್ಕ 100 ರೂಪಾಯಿ. ಹಾರಿಸುವವರಿಗೆ ಮಾನ್ಯತೆ ಪಡೆದ ತರಬೇತಿ ಸಂಸ್ಥೆಯಿಂದ ಪೈಲಟ್ ಸರ್ಟಿಫಿಕೇಟ್ ಬೇಕು: ವಯಸ್ಸು 18ರಿಂದ 65, ಓದು ಕನಿಷ್ಠ ಹತ್ತನೇ ತರಗತಿ, ಸಿಂಧುತ್ವ 10 ವರ್ಷ. ಮೂರನೆಯವರಿಗೆ ಆಗುವ ಹಾನಿಯ ವಿಮೆ ಕಡ್ಡಾಯ.

ಇಷ್ಟೆಲ್ಲ ಆದ ಮೇಲೂ ಉಳಿಯುವುದು ಎಣ್ಣೆಯ ವಿಷಯ. ಹೆಚ್ಚಿನವರು ಮರೆಯುವುದು ಇದನ್ನೇ. ಎಕರೆಗೆ 200 ಮಿಲಿ ಔಷಧ ಎಂದಿಟ್ಟುಕೊಳ್ಳಿ. ಕೈಪಂಪಿನವರು ಅದನ್ನು 200 ಲೀಟರ್ ನೀರಿಗೆ ಹಾಕುತ್ತಾರೆ, ಲೀಟರಿಗೆ 1 ಮಿಲಿ ಬಿತ್ತು. ಡ್ರೋನ್ ಎಕರೆಗೆ ಸುಮಾರು 10 ಲೀಟರ್ ಮಾತ್ರ ಹೊಡೆಯುತ್ತದೆ, ಅಲ್ಲಿ ಲೀಟರಿಗೆ 20 ಮಿಲಿ. ಇಪ್ಪತ್ತು ಪಟ್ಟು ಗಟ್ಟಿಯಾದ ದ್ರಾವಣ, ಅದೂ ಸಣ್ಣ ಹನಿಗಳಲ್ಲಿ, ಗಾಳಿಗೆ ಪಕ್ಕದ ಹತ್ತಿಗೋ ಮೆಣಸಿನ ಗಿಡಕ್ಕೋ ತೇಲಿ ಹೋದರೆ ಎಲೆ ಸುಡುತ್ತದೆ. ಆದ್ದರಿಂದಲೇ 1968ರ ಕೀಟನಾಶಕ ಕಾಯ್ದೆಯಡಿ ಡ್ರೋನ್ ಬಳಕೆಗೆ ಬೇರೆಯೇ ಅನುಮತಿ ಬೇಕು. 2022ರಲ್ಲಿ 477 ಕೀಟನಾಶಕಗಳಿಗೆ ಎರಡು ವರ್ಷದ ಮಧ್ಯಂತರ ಅನುಮತಿ ಸಿಕ್ಕಿತ್ತು. ಇಂಥ ಅನುಮತಿಗೆ ಅವಧಿ ಇರುತ್ತದೆ. ಹಾಗಾಗಿ ಅಂಗಡಿಯವರ ಮಾತು ಬಿಟ್ಟು ಡಬ್ಬದ ಲೇಬಲನ್ನೂ ಕೇಂದ್ರ ಕೀಟನಾಶಕ ಮಂಡಳಿಯ ಈಗಿನ ಪಟ್ಟಿಯನ್ನೂ ನೋಡಿ. ಕೇಂದ್ರ ಕೃಷಿ ಇಲಾಖೆ 2021ರ ಡಿಸೆಂಬರ್‌ನಲ್ಲಿ ಹೊರಡಿಸಿದ ಕಾರ್ಯವಿಧಾನವನ್ನು ಪೈಲಟ್ಟಿಗೆ ಓದಿಸಿ.

ನಮ್ಮ ಸಲಹೆ: ಈ ಹಂಗಾಮಿಗೆ ಟೈಪ್ ಸರ್ಟಿಫಿಕೇಟ್ ಇರುವ ಯಂತ್ರವೊಂದನ್ನು ಕೊಂಡೋ ಗುತ್ತಿಗೆಗೆ ಪಡೆದೋ ಸೇವೆ ಶುರು ಮಾಡಿ. ಹಳ್ಳಿಯವರ ಭರವಸೆಯೂ ಉಳಿಯುತ್ತದೆ, ಯಾವ ನಳಿಗೆ ಎಲ್ಲಿ ಕಟ್ಟಿಕೊಳ್ಳುತ್ತದೆ ಎಂಬ ಅನುಭವವೂ ಸಿಗುತ್ತದೆ. ನಿಮ್ಮ ಯಂತ್ರದ ಅರ್ಜಿ ಜೊತೆಜೊತೆಗೆ ನಡೆಯಲಿ.

ಪ್ರಶ್ನೆ: ನಮ್ಮಲ್ಲಿ 2 ಕೆ.ಜಿ. ಒಳಗಿನ ಕ್ಯಾಮೆರಾ ಡ್ರೋನ್ ಇದೆ. ಅದಿರು ಗಣಿಗಳಿಗೆ ಸರ್ವೆ ಮಾಡಿಕೊಡುವ ಕಂಪನಿ ತೆರೆಯಬೇಕೆಂದಿದ್ದೇವೆ. ನಿಯಮಗಳ ಕಾಟದಲ್ಲಿ ಇದು ನಡೆದೀತೇ? (ಸಂಡೂರು)

ಉತ್ತರ: ನಿಮ್ಮ ವ್ಯಾಪಾರವನ್ನು ಹುಟ್ಟಿಸಿದ್ದೇ ಒಂದು ನಿಯಮ. ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳಿಗೆ 2021ರ ನವೆಂಬರ್‌ನಲ್ಲಿ ತಿದ್ದುಪಡಿ ಬಂತು. ವರ್ಷಕ್ಕೆ 10 ಲಕ್ಷ ಟನ್ ಅಥವಾ ಹೆಚ್ಚು ಅಗೆಯುವ ಯೋಜನೆ ಇರುವ ಗಣಿ, ಇಲ್ಲವೇ 50 ಹೆಕ್ಟೇರ್ ಅಥವಾ ದೊಡ್ಡ ಲೀಸು, ಪ್ರತಿವರ್ಷ ಡ್ರೋನ್ ಸರ್ವೆಯ ಚಿತ್ರ ಕೊಡಬೇಕು; ಲೀಸಿನ ಗಡಿಯಿಂದ ಹೊರಗೆ 100 ಮೀಟರ್‌ವರೆಗೂ ಅದರಲ್ಲಿ ಬರಬೇಕು. ಅದಕ್ಕಿಂತ ಚಿಕ್ಕವರು ಉಪಗ್ರಹ ಚಿತ್ರ ಕೊಟ್ಟರೆ ಸಾಕು. ಗಡಿ ಕಲ್ಲು ಸರಿದಾಡಿದ್ದನ್ನೂ 2011ರಲ್ಲಿ ಬಳ್ಳಾರಿಯ ಗಣಿಗಾರಿಕೆ ಸುಪ್ರೀಂ ಕೋರ್ಟ್ ಆದೇಶದಿಂದ ನಿಂತದ್ದನ್ನೂ ಕಂಡ ಜಿಲ್ಲೆಗೆ ಆ 100 ಮೀಟರ್ ಯಾಕೆಂದು ಬಿಡಿಸಿ ಹೇಳಬೇಕಿಲ್ಲ.

ಮೈಕ್ರೊ ಡ್ರೋನ್‌ಗೆ ಪೈಲಟ್ ಸರ್ಟಿಫಿಕೇಟ್ ಬೇಡ ಎಂದು ಹೇಳುವವರನ್ನು ನಂಬಬೇಡಿ. ಆ ವಿನಾಯಿತಿ ವ್ಯಾಪಾರಕ್ಕಲ್ಲದ ಹಾರಾಟಕ್ಕೆ ಮಾತ್ರ. ತೋರಣಗಲ್ಲಿನ ವಿಮಾನ ನಿಲ್ದಾಣದ ಸುತ್ತಲಿನ ಜಾಗವನ್ನು ಡ್ರೋನ್ ನಕ್ಷೆಯಲ್ಲಿ ನೋಡದೆ ದರ ಒಪ್ಪಬೇಡಿ: ಹಾರಾಟ ನಡೆಯುತ್ತಿರುವ ನಿಲ್ದಾಣದ ಎಲ್ಲೆಯಿಂದ 8 ಕಿ.ಮೀ. ಒಳಗೆ ಅನುಮತಿ ಇಲ್ಲದೆ ಏಳುವಂತಿಲ್ಲ, 8ರಿಂದ 12 ಕಿ.ಮೀ. ನಡುವೆ 200 ಅಡಿ, ಅದರಾಚೆಯ ಹಸಿರು ವಲಯದಲ್ಲಿ 400 ಅಡಿ. ಗುಡ್ಡದ ನೆತ್ತಿಯಿಂದ ಎದ್ದು ಗುಂಡಿಯ ಮೇಲೆ ಹೋದಾಗ ನೆಲ ತಟ್ಟನೆ ಕೆಳಗಿಳಿಯುತ್ತದೆ. ಎತ್ತರವನ್ನು ಎದ್ದ ಜಾಗದಿಂದ ಅಳೆದರೆ ಗೊತ್ತಿಲ್ಲದೆಯೇ ಮಿತಿ ಮೀರಿರುತ್ತೀರಿ. ನೆಲದ ಏರಿಳಿತ ಅನುಸರಿಸುವ ಹಾರಾಟವನ್ನೇ ಹೊಂದಿಸಿ. ಡಂಪರ್ ಪಕ್ಕದಲ್ಲೋ ಕಬ್ಬಿಣದ ಶೆಡ್ಡಿನ ಕೆಳಗೋ ನಿಂತು ಕಂಪಾಸ್ ಹೊಂದಿಸಬೇಡಿ, ದಿಕ್ಕು ತಪ್ಪುತ್ತದೆ. ಬ್ಲಾಸ್ಟಿಂಗ್ ಸಮಯವನ್ನು ಮೈನ್ಸ್ ಮ್ಯಾನೇಜರಿಂದ ಬರಹದಲ್ಲಿ ಪಡೆಯಿರಿ.

2021ರ ಫೆಬ್ರವರಿಯ ಭೂದತ್ತಾಂಶ ಮಾರ್ಗಸೂಚಿಯಿಂದಾಗಿ ಭಾರತೀಯ ಕಂಪನಿಗೆ ನಕ್ಷೆ ಮಾಡಲು ಪೂರ್ವಾನುಮತಿ ಬೇಡ. ಆದರೆ ಅಡ್ಡಕ್ಕೆ 1 ಮೀಟರ್, ಎತ್ತರಕ್ಕೆ 3 ಮೀಟರ್‌ಗಿಂತ ನಿಖರವಾದ ದತ್ತಾಂಶ ಭಾರತದೊಳಗೇ ಇರಬೇಕು. ನಿಮ್ಮದು ಸೆಂಟಿಮೀಟರ್ ಲೆಕ್ಕದ್ದು. ಚಿತ್ರ ಜೋಡಿಸಲು ಬಳಸುವ ಕ್ಲೌಡ್ ಸೇವೆಯ ಸರ್ವರ್ ಎಲ್ಲಿದೆ ಎಂದು ಒಪ್ಪಂದಕ್ಕೆ ಮೊದಲೇ ಕೇಳಿ.

ಪ್ರಶ್ನೆ: ದಾಳಿಂಬೆ ತೋಟಕ್ಕೆ ಮಣ್ಣಿನ ತೇವ ಅಳೆದು, ಹನಿ ನೀರಾವರಿ ವಾಲ್ವ್ ತಾನೇ ತೆರೆಯುವ ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರ ಮುಟ್ಟುವ ರೇಡಿಯೊ) ಯಂತ್ರ ಮಾಡಿದ್ದೇವೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕ 915 ಮೆಗಾಹರ್ಟ್ಸ್ ಮಾಡ್ಯೂಲ್ ಹಾಕಿದ್ದೇವೆ, 2 ಕಿ.ಮೀ. ಚೆನ್ನಾಗಿ ಮುಟ್ಟುತ್ತದೆ. ಮಾರಬಹುದಲ್ಲವೇ? (ಕುಷ್ಟಗಿ)

ಉತ್ತರ: ಹೀಗೆಯೇ ಮಾರುವಂತಿಲ್ಲ. 915 ಅಮೆರಿಕದ ಮುಕ್ತ ತರಂಗಪಟ್ಟಿ. ನಮ್ಮಲ್ಲಿ ಅದರ ಅಕ್ಕಪಕ್ಕದಲ್ಲಿ ಮೊಬೈಲ್ ಕಂಪನಿಗಳಿವೆ. ಭಾರತದಲ್ಲಿ ಲೋರಾಕ್ಕೆ ಲೈಸೆನ್ಸ್ ಇಲ್ಲದೆ ಸಿಗುವುದು 865ರಿಂದ 868 ಮೆಗಾಹರ್ಟ್ಸ್.

ನಿಮ್ಮ ಚಿಪ್ ಬಹುಶಃ ಎರಡೂ ಕಡೆ ಕೆಲಸ ಮಾಡುವಂಥದ್ದೇ. ಹಾಗೆಂದು ಸಾಫ್ಟ್‌ವೇರಿನಲ್ಲಿ ಅಂಕಿ ಬದಲಾಯಿಸಿ ಕೈತೊಳೆದುಕೊಂಡರೆ ದೂರ ಕುಸಿಯುತ್ತದೆ. ಚಿಪ್ಪಿನಿಂದ ಆಂಟೆನಾದವರೆಗಿನ ಕಾಯಿಲ್, ಕೆಪಾಸಿಟರ್‌ಗಳು 915ಕ್ಕೆ ಹೊಂದಿಸಿದವು. ಆಂಟೆನಾ ತಂತಿಯನ್ನೇ ಅಳತೆಪಟ್ಟಿ ಇಟ್ಟು ನೋಡಿ: ಕಾಲು ತರಂಗದ ತಂತಿ 915ಕ್ಕೆ 8.2 ಸೆಂ.ಮೀ., 866ಕ್ಕೆ 8.65 ಸೆಂ.ಮೀ. ಅರ್ಧ ಸೆಂಟಿಮೀಟರಿನ ಈ ವ್ಯತ್ಯಾಸದಿಂದ ಕಳಿಸಿದ ಶಕ್ತಿಯಲ್ಲಿ ಒಂದು ಪಾಲು ಹಿಂದಕ್ಕೆ ಬರುತ್ತದೆ. 868ರ ಮಾಡ್ಯೂಲ್ ಕೊಳ್ಳಿ, ಅದನ್ನು 865ರ ಚಾನೆಲ್‌ಗಳಿಗೆ ಇಳಿಸಿ. ಲೋರಾವಾನ್‌ನ ಭಾರತೀಯ ಚಾನೆಲ್‌ಗಳು 865.0625, 865.4025, 865.985.

ಇನ್ನೊಂದು ಕಣ್ತಪ್ಪು ಬ್ಯಾಂಡ್‌ವಿಡ್ತ್‌ನದು. ಪ್ರಸಾರಕದ ಶಕ್ತಿ 1 ವ್ಯಾಟ್, ಆಂಟೆನಾ ಸೇರಿದ ಪರಿಣಾಮ ಶಕ್ತಿ 4 ವ್ಯಾಟ್, ಚಾನೆಲ್ ಅಗಲ 200 ಕಿಲೋಹರ್ಟ್ಸ್ ಮೀರಬಾರದೆಂದು ಅಧಿಸೂಚನೆ ಹೇಳುತ್ತದೆ. ಲೋರಾದಲ್ಲಿ 125, 250, 500 ಮೂರೂ ಇವೆ. ಬೇಗ ಹೋಗಲೆಂದು 250 ಇಟ್ಟವರು ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ. 125ರಲ್ಲೇ ಇರಿ, ವಾಲ್ವಿಗೆ ಅಷ್ಟು ವೇಗ ಸಾಕು.

ಇದಾದ ಮೇಲೆ ಮಾನ್ಯ ಪ್ರಯೋಗಾಲಯದ ಆರ್‌ಎಫ್ (ರೇಡಿಯೊ ತರಂಗ) ವರದಿ, ಅದನ್ನಿಟ್ಟು ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ಇಟಿಎ, ಅಂದರೆ ಉಪಕರಣದ ಮಾದರಿಗೆ ಒಪ್ಪಿಗೆ. ಮಾಡ್ಯೂಲ್ ಮಾರುವವರ ಬಳಿ ಇಟಿಎ ಇದ್ದರೆ ಅದರ ಪ್ರತಿ ಕೇಳಿ ಪಡೆಯಿರಿ. ಮುಂದೆ ಸಾವಿರ ತರಿಸುವಾಗ ಕಸ್ಟಮ್ಸ್‌ನಲ್ಲೂ ಅದೇ ಕಾಗದ ಕೇಳುತ್ತಾರೆ. ತೋಟದ ಮೂಲೆಯಲ್ಲಿ ಸಿಮ್ ಹಾಕಿದ ಗೇಟ್‌ವೇ (ಸೆನ್ಸರ್‌ಗಳ ಮಾಹಿತಿಯನ್ನು ಇಂಟರ್ನೆಟ್ಟಿಗೆ ದಾಟಿಸುವ ಪೆಟ್ಟಿಗೆ) ಇದ್ದರೆ ಅದು ಟೆಲಿಕಾಂ ಉಪಕರಣವಾಯಿತು, ಕೇಂದ್ರದ ದೂರಸಂಪರ್ಕ ಎಂಜಿನಿಯರಿಂಗ್ ಕೇಂದ್ರದ (ಟಿಇಸಿ) ಕಡ್ಡಾಯ ಪರೀಕ್ಷೆಯ ಪಟ್ಟಿಯಲ್ಲಿ ಐಒಟಿ ಗೇಟ್‌ವೇ ಇದೆ. ಹೊಸಬರು ಗೇಟ್‌ವೇಯನ್ನು ತಾವೇ ಮಾಡದೆ ಪ್ರಮಾಣಪತ್ರ ಇರುವುದನ್ನು ಕೊಂಡು ಹಾಕುವುದು ಮೇಲು. ಅಡಾಪ್ಟರ್‌ಗೂ ಇದೇ ಮಾತು: ಐಎಸ್ 13252ರ ನೋಂದಣಿ ಸಂಖ್ಯೆ ಅಚ್ಚಾಗಿರುವುದನ್ನೇ ಕೊಳ್ಳಿ. ಲಿಥಿಯಂ ಬ್ಯಾಟರಿಗೆ ಐಎಸ್ 16046. ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲು ಮಾದರಿ ಯಂತ್ರಕ್ಕೆ ನಡೆದೀತು, ಮಾರುವ ಯಂತ್ರಕ್ಕೆ ಬೇಡ.

ಪ್ರಶ್ನೆ: ಬೆರಳಿಗೆ ಕ್ಲಿಪ್ ಹಾಕಿ, ರಕ್ತ ತೆಗೆಯದೆ ಹಿಮೋಗ್ಲೋಬಿನ್ ಅಂದಾಜು ಹೇಳುವ ಸಾಧನ ಮತ್ತು ಆ್ಯಪ್ ಮಾಡುತ್ತಿದ್ದೇವೆ. "ಆರೋಗ್ಯ ಮಾಹಿತಿಗಾಗಿ ಮಾತ್ರ, ವೈದ್ಯಕೀಯ ಸಾಧನವಲ್ಲ" ಎಂದು ಬರೆದರೆ ಲೈಸೆನ್ಸಿನ ಗೊಡವೆ ಇರುವುದಿಲ್ಲ ಎಂದು ಪರಿಚಯದವರೊಬ್ಬರು ಹೇಳಿದರು. ನಿಜವೇ? (ಬಳ್ಳಾರಿ)

ಉತ್ತರ: ನಿಜವಲ್ಲ, ಆ ಸಾಲು ನಿಮ್ಮನ್ನು ಕಾಯುವುದೂ ಇಲ್ಲ. 2020ರ ಏಪ್ರಿಲ್ 1ರಿಂದ ರೋಗ ಪತ್ತೆ, ತಪಾಸಣೆ, ಚಿಕಿತ್ಸೆಗೆಂದು ಇರುವ ಎಲ್ಲ ಸಾಧನಗಳೂ ಔಷಧ ಕಾಯ್ದೆಯ ಕೆಳಗೆ ಬಂದಿವೆ. ಸಾಫ್ಟ್‌ವೇರಿಗೂ ಇದು ಅನ್ವಯ. ಸಣ್ಣಕ್ಷರದಲ್ಲಿ "ವೈದ್ಯಕೀಯ ಸಾಧನವಲ್ಲ" ಎಂದು ಬರೆದು, ಕರಪತ್ರದಲ್ಲಿ "ಗರ್ಭಿಣಿಯರ ರಕ್ತಹೀನತೆ ಪತ್ತೆ" ಎಂದು ಹಾಕಿದರೆ ಅಧಿಕಾರಿ ನೋಡುವುದು ಕರಪತ್ರವನ್ನು. ಅದಕ್ಕಿಂತ ದೊಡ್ಡ ಮಾತು, ಆ ಅಂಕಿಯನ್ನು ನಂಬಿ ಒಬ್ಬಾಕೆ ಆಸ್ಪತ್ರೆಗೆ ಹೋಗದೆ ಉಳಿಯಬಹುದು. ಗರ್ಭಿಣಿಯರಲ್ಲಿ ಡೆಸಿಲೀಟರ್ ರಕ್ತಕ್ಕೆ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ತೀವ್ರ. ನಿಮ್ಮ ಸಾಧನ 1 ಗ್ರಾಂ ಹೆಚ್ಚು ತೋರಿಸಿದರೆ 6.5 ಇರುವಾಕೆ 7.5ರ ಸಾಲಿಗೆ ಸೇರುತ್ತಾಳೆ.

ಹಾಗಾಗಿ ಉದ್ದೇಶಿತ ಬಳಕೆಯ ವಾಕ್ಯವನ್ನು ಇಂದೇ ಬರೆಯಿರಿ: ಯಾರಿಗೆ, ಯಾವ ವಯಸ್ಸಿಗೆ, ಯಾರು ಬಳಸುವುದು, ಫಲಿತಾಂಶ ನೋಡಿ ಏನು ಮಾಡುವುದು. "18 ದಾಟಿದವರಲ್ಲಿ, ಆರೋಗ್ಯ ಕಾರ್ಯಕರ್ತರು ಬಳಸಿ, ರಕ್ತಪರೀಕ್ಷೆಗೆ ಕಳಿಸಬೇಕಾದವರನ್ನು ಗುರುತಿಸಲು" ಎನ್ನುವುದು ಒಂದು ಸಾಧನ. "ಹಿಮೋಗ್ಲೋಬಿನ್ ಅಳೆಯಲು" ಎನ್ನುವುದು ಇನ್ನೊಂದು. ಅದಕ್ಕೆ ರಕ್ತಪರೀಕ್ಷೆಗೆ ಸಮನಾದ ಪುರಾವೆ ಕೇಳುತ್ತಾರೆ. ಮೊದಲನೆಯದರಿಂದ ಶುರು ಮಾಡಿ.

ವೈದ್ಯಕೀಯ ಸಾಧನ ನಿಯಮಗಳು 2017ರವು. ಅಪಾಯದ ಮಟ್ಟ ನೋಡಿ ಎ, ಬಿ, ಸಿ, ಡಿ ಎಂದು ವರ್ಗ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ (ಸಿಡಿಎಸ್‌ಸಿಒ) ಪ್ರಕಟಿಸಿದ ಪಟ್ಟಿಯಲ್ಲಿ ನಿಮ್ಮದು ಎಲ್ಲಿದೆ ನೋಡಿ, ಕಾಣದಿದ್ದರೆ ಬರಹದಲ್ಲಿ ಕೇಳಿ, ಉತ್ತರ ಜೋಪಾನ ಮಾಡಿ. ಎ ಮತ್ತು ಬಿ ವರ್ಗಕ್ಕೆ ಲೈಸೆನ್ಸ್ ಕೊಡುವುದು ರಾಜ್ಯ, ಅರ್ಜಿ ಎಂಡಿ-3, ಲೈಸೆನ್ಸ್ ಎಂಡಿ-5. ಸಿ ಮತ್ತು ಡಿಗೆ ಕೇಂದ್ರ, ಎಂಡಿ-7 ಮತ್ತು ಎಂಡಿ-9.

ಮಾದರಿ ಕಟ್ಟಿ ಜನರ ಮೇಲೆ ಪರೀಕ್ಷಿಸುವುದಕ್ಕೂ ಲೈಸೆನ್ಸ್ ಬೇಕೆಂಬುದು ಹೆಚ್ಚಿನವರಿಗೆ ತಡವಾಗಿ ತಿಳಿಯುತ್ತದೆ. ಎಂಡಿ-12ರಲ್ಲಿ ಅರ್ಜಿ ಹಾಕಿ ಎಂಡಿ-13 ಪಡೆಯಿರಿ. ಇದಿಲ್ಲದೆ ಕಾಲೇಜಿನ ಗೆಳೆಯರ ಬೆರಳಿಗೆ ಹಾಕಿ ಕೂಡಿಸಿದ ಸಾವಿರ ಓದುಗಳು ಮುಂದೆ ಪುರಾವೆ ಆಗುವುದಿಲ್ಲ. ಭಾರತದಲ್ಲಿ ಈಗಾಗಲೇ ಒಪ್ಪಿಗೆ ಪಡೆದ, ಇದೇ ಉದ್ದೇಶದ, ಇದೇ ಬಗೆಯ ವಿನ್ಯಾಸದ ಸಾಧನ ಇದ್ದರೆ ಅದರೊಂದಿಗೆ ಹೋಲಿಸಿ ತೋರಿಸುವ ದಾರಿಯಿದೆ. ಇಲ್ಲದಿದ್ದರೆ ಎಂಡಿ-22 ಅರ್ಜಿ, ಎಂಡಿ-23 ಅನುಮತಿ, ಆಮೇಲೆ ಕ್ಲಿನಿಕಲ್ ಪರಿಶೋಧನೆ. ನಿಮ್ಮೂರಿನ, ರಾಯಚೂರಿನ, ಕೊಪ್ಪಳದ ವೈದ್ಯಕೀಯ ಕಾಲೇಜುಗಳಲ್ಲಿ ಯಾರೊಂದಿಗೆ ಮಾತಾಡಿದರೂ ನೈತಿಕ ಸಮಿತಿಯ ನೋಂದಣಿ ಸಂಖ್ಯೆಯನ್ನೂ ಅದರ ಅವಧಿಯನ್ನೂ ಮೊದಲು ಕೇಳಿ. ಮೊದಲ ವ್ಯಕ್ತಿ ಸೇರುವ ಮುಂಚೆ ದೇಶದ ಕ್ಲಿನಿಕಲ್ ಪರೀಕ್ಷೆಗಳ ದಾಖಲೆಪಟ್ಟಿಯಾದ ಸಿಟಿಆರ್‌ಐಯಲ್ಲಿ ನೋಂದಣಿ ಆಗಿರಬೇಕು, ನಂತರ ಮಾಡಲು ಬರುವುದಿಲ್ಲ.

ಪರೀಕ್ಷೆಯ ವಿನ್ಯಾಸದಲ್ಲಿ ನಮ್ಮ ಕಡೆಯ ಎರಡು ಸಂಗತಿ ಇರಲೇಬೇಕು. ಒಂದು ಗೋರಂಟಿ. ಮದುವೆ, ಸೀಮಂತದ ದಿನಗಳಲ್ಲಿ ಬೆರಳ ತುದಿ ಉಗುರು ಸಮೇತ ಕೆಂಪಾಗಿರುತ್ತದೆ, ಸಾಧನ ಓದುವುದು ಅದೇ ಬಣ್ಣದಲ್ಲಿ ಹಾಯುವ ಬೆಳಕನ್ನು. ಗೋರಂಟಿ ಹಚ್ಚಿದ ಬೆರಳಿನ ಓದನ್ನು ಬೇರೆಯೇ ಗುಂಪಾಗಿ ಅಳೆಯಿರಿ. ಓದು ಕೆಡುತ್ತದೆ ಎಂದಾದರೆ ಪರದೆಯ ಮೇಲೆ "ಬೇರೆ ಬೆರಳು ಹಾಕಿ" ಎಂದು ಬರಲಿ. ತಪ್ಪು ಅಂಕಿ ತೋರಿಸುವುದಕ್ಕಿಂತ ಅದು ಒಳ್ಳೆಯದು. ಎರಡನೆಯದು ಬಿಸಿಲು. ಆಸ್ಪತ್ರೆಯ ಹೊರಗೆ ಬಳಸುವ ವಿದ್ಯುತ್ ಸಾಧನಗಳ ಮಾನದಂಡ ಐಇಸಿ 60601-1-11ರ ಸಾಮಾನ್ಯ ಮಿತಿ 5ರಿಂದ 40 ಡಿಗ್ರಿ. ಮೇ ತಿಂಗಳಲ್ಲಿ ಆಶಾ ಕಾರ್ಯಕರ್ತೆಯ ಚೀಲದೊಳಗೆ 40 ಯಾವಾಗಲೋ ದಾಟಿರುತ್ತದೆ. ಬಿಡಿಭಾಗ ಆರಿಸುವಾಗಲೇ 50 ಡಿಗ್ರಿ ತಡೆಯುವುದನ್ನು ಆರಿಸಿ, ಅಷ್ಟಕ್ಕೇ ಪರೀಕ್ಷೆ ಮಾಡಿಸಿ, ಅದನ್ನೇ ಲೇಬಲ್ ಮೇಲೆ ಬರೆಯಿರಿ. ಪರೀಕ್ಷೆ 40ಕ್ಕೆ ಮುಗಿಸಿ ಆಮೇಲೆ ಏರಿಸಬೇಕೆಂದರೆ ಇಡೀ ಪರೀಕ್ಷೆ ಮತ್ತೆ.

ಗುಣಮಟ್ಟ ವ್ಯವಸ್ಥೆಗೆ ಐಎಸ್‌ಒ 13485, ಅಪಾಯ ನಿರ್ವಹಣೆಗೆ ಐಎಸ್‌ಒ 14971, ಸಾಫ್ಟ್‌ವೇರಿಗೆ ಐಇಸಿ 62304, ಚರ್ಮಕ್ಕೆ ತಾಗುವ ರಬ್ಬರಿಗೆ ಐಎಸ್‌ಒ 10993. ಹೆಸರು ನೋಡಿ ಹೆದರಬೇಡಿ. ಯಾವ ನಿರ್ಧಾರ ಯಾವ ದಿನ ಯಾಕೆ ತೆಗೆದುಕೊಂಡಿರಿ ಎಂದು ಮೊದಲ ದಿನದಿಂದ ಬರೆದಿಟ್ಟರೆ ಅರ್ಧ ಕೆಲಸ ಮುಗಿದಂತೆ. ಎರಡು ವರ್ಷದ ನಂತರ ಕೂತು ಹಿಂದಿನದನ್ನು ನೆನೆಸಿಕೊಂಡು ಬರೆದ ಕಡತ ಆಡಿಟರ್ ಕೈಗೆ ಹೋದ ಕೂಡಲೇ ಗೊತ್ತಾಗುತ್ತದೆ.

ಸ್ವಂತ ಕಾರ್ಖಾನೆ ಇಲ್ಲವೆಂದು ಕೈಚೆಲ್ಲಬೇಕಿಲ್ಲ. ಲೈಸೆನ್ಸ್ ಇರುವ ಬೇರೆ ತಯಾರಕರ ಜಾಗದಲ್ಲಿ ಮಾಡಿಸಿಕೊಳ್ಳುವ ಲೋನ್ ಲೈಸೆನ್ಸ್ ಇದೆ: ಎ, ಬಿ ವರ್ಗಕ್ಕೆ ಎಂಡಿ-4 ಅರ್ಜಿ, ಎಂಡಿ-6 ಲೈಸೆನ್ಸ್, ಸಿ, ಡಿಗೆ ಎಂಡಿ-8 ಮತ್ತು ಎಂಡಿ-10. ಮೊದಲ ಸಾವಿರ ಸಾಧನಗಳಿಗೆ ಬಳ್ಳಾರಿಯಲ್ಲಿ ಸ್ವಚ್ಛಕೋಣೆ ಕಟ್ಟುವುದಕ್ಕಿಂತ ಇದೇ ಬುದ್ಧಿವಂತಿಕೆ.

ಪ್ರಶ್ನೆ: ಅಕ್ಕಿ ಕಾಳಿನ ಚಿತ್ರ ತೆಗೆದು ನುಚ್ಚು, ಕಪ್ಪು ಕಾಳು ಶೇಕಡಾ ಎಷ್ಟು ಎಂದು ಹೇಳುವ, ಜೊತೆಗೆ ಚೀಲ ತೂಗಿ ಬೆಲೆ ಲೆಕ್ಕ ಹಾಕುವ ಯಂತ್ರ ಮಾಡಿದ್ದೇವೆ. ಮಿಲ್ಲುಗಳಿಗೆ ಮಾರುವುದು ಹೇಗೆ? (ಗಂಗಾವತಿ)

ಉತ್ತರ: ಕ್ಯಾಮೆರಾ ಒಂದು ದಾರಿ, ತಕ್ಕಡಿ ಇನ್ನೊಂದು ದಾರಿ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕಟ್ಟಿದ್ದರಿಂದ ಸುಲಭದ ದಾರಿಯೂ ಕಷ್ಟದ್ದಾಗಿದೆ.

ಮಿಲ್ಲಿನವರು ತಮ್ಮ ಯಂತ್ರ ಸರಿಯಾಗಿ ಓಡುತ್ತಿದೆಯೇ, ಪಾಲಿಶರ್ ಹೆಚ್ಚು ಒಡೆಯುತ್ತಿದೆಯೇ ಎಂದು ಒಳಗೊಳಗೆ ನೋಡಿಕೊಳ್ಳಲು ಕ್ಯಾಮೆರಾ ಬಳಸಿದರೆ ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಸರ್ಕಾರಿ ಖರೀದಿಯಲ್ಲಿ ಲಾಟು ಪಾಸೋ ಫೇಲೋ ಎನ್ನಲು ಅದರ ಅಂಕಿ ನಡೆಯುವುದಿಲ್ಲ, ಅಲ್ಲಿ ನಿಗದಿಯಾದ ವಿಶ್ಲೇಷಣೆಯೇ ಆಗಬೇಕು. ಡಬ್ಬದ ಮೇಲೆ "ಮಿಲ್ಲಿನ ಒಳಗಿನ ಗುಣಮಟ್ಟ ನಿಯಂತ್ರಣಕ್ಕೆ" ಎಂದಿರಲಿ.

ವ್ಯವಹಾರಕ್ಕೆ ಬಳಸುವ ತಕ್ಕಡಿ ಮಾತ್ರ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಗೆ ಸೇರಿದ್ದು. ಮಾದರಿಗೆ ಕೇಂದ್ರದ ಒಪ್ಪಿಗೆ, ತಯಾರಿಕೆಗೆ ರಾಜ್ಯದ ಲೈಸೆನ್ಸ್, ಪ್ರತಿ ತಕ್ಕಡಿಗೆ ಮುದ್ರೆ. ಮಾದರಿ ಪರೀಕ್ಷೆ ಮಾಡುವ ಪ್ರಾದೇಶಿಕ ಪ್ರಯೋಗಾಲಯ ಬೆಂಗಳೂರಿನಲ್ಲಿದೆ. ಇದೆಲ್ಲ ಬೇಕಿಲ್ಲ ಎಂದಾದರೆ ತಕ್ಕಡಿ ಬಿಟ್ಟುಬಿಡಿ. ಮಿಲ್ಲಿನಲ್ಲಿ ಈಗಾಗಲೇ ಇರುವ, ಮುದ್ರೆ ಬಿದ್ದ ಎಲೆಕ್ಟ್ರಾನಿಕ್ ತಕ್ಕಡಿಯ ಹಿಂದೆ ಸಾಮಾನ್ಯವಾಗಿ ಆರ್‌ಎಸ್-232 ಸಾಕೆಟ್ (ಅಂಕಿಯನ್ನು ಹೊರಗೆ ಕಳಿಸುವ ಕಿಂಡಿ) ಇರುತ್ತದೆ. ಅಲ್ಲಿಂದ ತೂಕ ಓದಿಕೊಳ್ಳಿ. ಸಾಕೆಟ್ ಇಲ್ಲವೆಂದು ಸೀಲು ಒಡೆದು ಲೋಡ್ ಸೆಲ್ಲಿನ ತಂತಿಗೆ ಬೆಸುಗೆ ಹಾಕುವುದು ಅಪರಾಧ. ಹಾಗೆ ಮಾಡಿದರೆ ತೂಕವೂ ಕೆಡುತ್ತದೆ, ಏಕೆಂದರೆ ಆ ತಂತಿಯಲ್ಲಿ ಹರಿಯುವುದು ಕೆಲವೇ ಮಿಲಿವೋಲ್ಟ್.

ಪ್ರಶ್ನೆ: ಅಗ್ಗದ ಸೆನ್ಸರ್ ಬಳಸಿ ಚಿಮಣಿ ಹೊಗೆ ಅಳೆಯುವ ಯಂತ್ರವನ್ನು ಕಬ್ಬಿಣದ ಕಾರ್ಖಾನೆಗಳಿಗೆ ಮಾರಬಹುದೇ? (ಗಿಣಿಗೇರಾ, ಕೊಪ್ಪಳ ತಾ.)

ಉತ್ತರ: ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡುವ ಅಂಕಿಗೆ ಆಗದು. ಕಬ್ಬಿಣ-ಉಕ್ಕು ಸೇರಿ ಹೆಚ್ಚು ಮಾಲಿನ್ಯದ 17 ವರ್ಗದ ಕಾರ್ಖಾನೆಗಳು ಚಿಮಣಿಗೆ ಆನ್‌ಲೈನ್ ಮಾಪಕ ಹಾಕಿ, ಅಂಕಿಯನ್ನು ನೇರವಾಗಿ ಮಾಲಿನ್ಯ ನಿಯಂತ್ರಣ ಮಂಡಳಿಯ ಸರ್ವರ್‌ಗೆ ಕಳಿಸಬೇಕು. ಅಂಥ ಮಾಪಕಗಳನ್ನು ಪ್ರಮಾಣೀಕರಿಸುವ ಹೊಣೆ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ್ದು. ಬಿಸಿ, ತೇವ, ಧೂಳು ಮೂರೂ ಕೂಡಿದ ಚಿಮಣಿಯಲ್ಲಿ ಅಗ್ಗದ ಬೆಳಕಿನ ಸೆನ್ಸರಿನ ಗಾಜು ಬೇಗ ಮಂಕಾಗುತ್ತದೆ. ನಿಮ್ಮ ಯಂತ್ರವನ್ನು ಬ್ಯಾಗ್ ಫಿಲ್ಟರಿನ (ಹೊಗೆಯ ಧೂಳು ಸೋಸುವ ಬಟ್ಟೆ ಚೀಲಗಳ ಸಾಲು) ಸ್ವಚ್ಛ ಗಾಳಿ ಹೊರಬರುವ ಬದಿಗೆ, ಚೀಲ ಹರಿದದ್ದನ್ನು ಹೇಳುವ ಸೂಚಕವಾಗಿ ಮಾರಿ. ಯಾವ ಸಾಲಿನ ಚೀಲ ಹರಿದಿದೆ ಎಂದು ಗೊತ್ತಾಗುವುದೇ ಮೆಂಟೆನೆನ್ಸ್‌ನವರಿಗೆ ಬಹಳ ಬೆಲೆಯ ಮಾಹಿತಿ.

ಪ್ರಶ್ನೆ: ಕರ್ನಾಟಕದಲ್ಲಿ ಹೊಸ ತಂತ್ರಜ್ಞಾನಕ್ಕೆ ನಿಯಮ ಸಡಿಲಿಸುವ "ಸ್ಯಾಂಡ್‌ಬಾಕ್ಸ್" ಇದೆಯಂತೆ. ಅದರಿಂದ ಡ್ರೋನ್, ವೈದ್ಯಕೀಯ ಸಾಧನಕ್ಕೆ ವಿನಾಯಿತಿ ಸಿಗುತ್ತದೆಯೇ? (ರಾಯಚೂರು)

ಉತ್ತರ: ಸಿಗುವುದಿಲ್ಲ. 2020ರ ಕರ್ನಾಟಕ ನಾವೀನ್ಯ ಪ್ರಾಧಿಕಾರ ಕಾಯ್ದೆಯಡಿ ರಾಜ್ಯ ಸಡಿಲಿಸಬಹುದಾದದ್ದು ರಾಜ್ಯದ ಕಾನೂನು, ನಿಯಮಗಳನ್ನು ಮಾತ್ರ. ವಿಮಾನಯಾನ, ತರಂಗಪಟ್ಟಿ, ವೈದ್ಯಕೀಯ ಸಾಧನ ಮೂರರ ಕಾನೂನೂ ಕೇಂದ್ರದ್ದು. ನಿಮ್ಮ ಯೋಜನೆಗೆ ಅಡ್ಡ ನಿಂತದ್ದು ರಾಜ್ಯದ ನಿಯಮವೇ ಆಗಿದ್ದರೆ ಅರ್ಜಿ ಹಾಕಿ; ಯಾವ ಕಾಯ್ದೆಯ ಯಾವ ಕಲಂ, ಅದು ನಿಮ್ಮನ್ನು ಎಲ್ಲಿ ತಡೆಯುತ್ತದೆ, ಸಡಿಲಿಸಿದರೆ ಜನರ ಸುರಕ್ಷತೆಗೆ ನೀವು ಏನು ಮಾಡುತ್ತೀರಿ ಎಂಬ ಮೂರನ್ನೂ ಬರೆಯಿರಿ. "ನಿಯಮಗಳು ತೊಡಕಾಗಿವೆ" ಎಂದಷ್ಟೇ ಬರೆದ ಅರ್ಜಿಯನ್ನು ಯಾರೂ ಮುಂದಕ್ಕೆ ಒಯ್ಯಲಾರರು.